ಬಯಲಿಗೊಂದು ಬಸ್ಸಿನ ಬಾಗಿಲು

ಹಿಂಡಿ, ಬೂಸಾ ಮಾರುವವನಿಗೆ ಮನುಷ್ಯರ ಗುರುತು ಸಿಗುವುದು ಅವರು ಸಾಕಿದ ಪ್ರಾಣಿಗಳ ಹೊಟ್ಟೆಯಿಂದ. ಹಸು ಕಟ್ಟಿದವರು ಬೆಳಗಾಗುತ್ತಲೇ ಬಂದು ಹಾಲಿನ ದರವನ್ನು ಬೈಯುತ್ತಾರೆ. ಕೋಳಿಯವರು ಮಧ್ಯಾಹ್ನ ಬಂದು ಕೋಳಿಯನ್ನೇ ಬೈಯುತ್ತಾರೆ. ಹಂದಿಯವರು ಯಾರನ್ನೂ ಬೈಯುವುದಿಲ್ಲ. ಅಂಗಡಿಯಲ್ಲಿ ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿ ಬಂದು, "ಆ ಮೂಟೆ" ಎಂದು ಬೆರಳು ತೋರಿಸಿ, ಯಾವ ಪ್ರಾಣಿಗೆ ಎಂಬುದನ್ನು ಹೇಳದೆ ಹೊತ್ತುಕೊಂಡು ಹೋಗುತ್ತಾರೆ. ಇಪ್ಪತ್ತಾರು ವರ್ಷದ ನನ್ನ ವ್ಯಾಪಾರದಲ್ಲಿ, ಅಂಗಡಿ ತುಂಬ ಜನ ಇರುವಾಗ ಮೆಟ್ಟಿಲ ಮೇಲೆ ನಿಂತು, "ಸಾಹುಕಾರ್ರೇ, ಹಂದಿಗೆ ಏನಿದೆ?" ಎಂದು ಬಸ್ ಸ್ಟ್ಯಾಂಡಿನ ದನಿಯಲ್ಲಿ ಕೂಗಿದವರು ಒಬ್ಬರೇ. ಅವರು ನಮ್ಮ ಕಂಡಕ್ಟರು.

ಕೆಲಸದಿಂದ ನಿವೃತ್ತರಾಗಿ ಆಗ ಮೂರು ತಿಂಗಳು. ಆದರೆ ಮೈಗೆ ಇನ್ನೂ ಆ ಸುದ್ದಿ ಮುಟ್ಟಿರಲಿಲ್ಲ. ನೆಲ ಯಾವ ಕ್ಷಣದಲ್ಲಾದರೂ ಬ್ರೇಕ್ ಹಾಕೀತು ಎಂಬಂತೆ ಕಾಲು ಅಗಲಿಸಿ ನಿಲ್ಲುವರು. ನನ್ನ ಅಂಗಡಿಯಲ್ಲಿ ಎಂದೂ ಕೂತವರಲ್ಲ. ತಕ್ಕಡಿ ತೂಗುಹಾಕಿದ ಕಂಬಕ್ಕೆ ಬೆನ್ನು ಆನಿಸಿ ನಿಂತೇ ಮಾತಾಡುವರು. ಕೂತ್ಕೊಳ್ಳಿ ಎಂದರೆ, "ಬೇಡಿ, ಮುಂದಿನ ಸ್ಟಾಪಲ್ಲೇ ಇಳೀತೀನಿ" ಎನ್ನುವರು. ಸೀಟಿ ಇನ್ನೂ ಕೊರಳಲ್ಲೇ ಇತ್ತು. ಸರ್ಕಾರ ಚೀಲ ಕಸಿದುಕೊಂಡಿತ್ತು, ಸೀಟಿ ಕೇಳಲು ಮರೆತಿತ್ತು.

"ಎಷ್ಟು ಹಂದಿ?" ಎಂದೆ.

"ಹನ್ನೆರಡು ಮರಿ. ಗೂಡಲ್ಲಿ ಕೂಡಿ ಹಾಕಲ್ಲ. ಬಯಲಲ್ಲಿ ಬಿಡ್ತೀನಿ. ಹುಲ್ಲು, ಬೇರು, ಹುಳ ಅಂತ ತಿಂದ್ಕೊಂಡು ಓಡಾಡ್ಕೊಂಡಿರ್ತವೆ."

ಹಂದಿ ಹುಲ್ಲು ತಿಂದರೆ ನಾನು ಏನು ತಿನ್ನಬೇಕು?

"ಕಂಡಕ್ಟ್ರೇ, ಹಂದಿ ಅಂದ್ರೆ ಗೂಡಲ್ಲೇ ಇರ್ಬೇಕು. ತಿನ್ನಬೇಕು, ಮಲಗಬೇಕು, ಮಲಗಿ ಊದಬೇಕು. ಓಡಾಡಿದ್ರೆ ಮೈಗೆ ಎಲ್ಲಿ ಹತ್ತುತ್ತೆ?" ಎಂದೆ. ಹಂದಿಯ ಹಿತಕ್ಕಾಗಿ ಹೇಳಿದೆನೆಂದು ಅವರು ತಿಳಿದರು. ನಾನೂ ತಿದ್ದಲು ಹೋಗಲಿಲ್ಲ.

"ಹೆದ್ದಾರಿ ಪಕ್ಕದ ದೊಡ್ಡ ಫಾರಂ ನೋಡ್ಕೊಂಡು ಬಂದೆ ಸಾಹುಕಾರ್ರೇ. ಒಂದೊಂದು ಕಂಬಿ ಗೂಡಲ್ಲಿ ಒಂದೊಂದು. ತಿರುಗೋಕೂ ಜಾಗ ಇಲ್ಲ. ಐವತ್ತೆರಡು ಸೀಟಿನ ಗಾಡೀಲಿ ನೂರಾ ಹತ್ತು ಜನ ತುರುಕಿದೋನು ನಾನು. ಮೂವತ್ತೆರಡು ವರ್ಷ ಅದೇ ಕೆಲಸ. 'ಒಳಗೆ ಹೋಗಿ, ಒಳಗೆ ಹೋಗಿ' ಅಂತ ಕನಸಲ್ಲೂ ಕೂಗಿ ಹೆಂಡತೀನ ಗೋಡೆಗೆ ಒತ್ತಿದೀನಿ. ಅಲ್ಲಿ ಒಂದು ಹಂದಿ ನನ್ನ ಮುಖ ನೋಡ್ತು. ಹಿಂದಿನ ಬಾಗಿಲಲ್ಲಿ ಒಂಟಿ ಕಾಲಲ್ಲಿ ನಿಂತಿರೋ ಪ್ಯಾಸೆಂಜರು ನೋಡ್ತಾನಲ್ಲ, ಅದೇ ನೋಟ. ಸಾಕು ಅನ್ನಿಸ್ತು. ಇನ್ನು ಒಂದು ಜೀವಾನೂ ನಾನು ತುರುಕಲ್ಲ."

ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ವ್ಯಾಪಾರಿ ಗಿರಾಕಿಗಳ ಜೊತೆ ನಗಲೇಬೇಕು.

ಅವರ ಹೆಂಡತಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವರು. ಮಾತನ್ನೂ ಕತ್ತರಿಯಲ್ಲೇ ಕತ್ತರಿಸಿ ಕೊಡುತ್ತಾರೆ. ಹಂದಿಯ ವಿಷಯ ಒಪ್ಪಿದಿರಾ ಎಂದು ಕೇಳಿದಾಗ ಮೆಷಿನ್ನಿನಿಂದ ತಲೆ ಎತ್ತದೆ, "ಮೂವತ್ತೆರಡು ವರ್ಷ ಇವರು ಮನೇಲಿ ಇರ್ಲಿಲ್ಲ. ಇನ್ಮೇಲೆ ಇರ್ತಾರೆ ಅಂತ ಹೆದರ್ಕೊಂಡಿದ್ದೆ. ಹಂದಿಗಳು ಪುಣ್ಯ ಕಟ್ಕೊಂಡ್ವು" ಎಂದರು.

ಹಂದಿ ಇತ್ತು, ಮನಸ್ಸಿತ್ತು, ಜಾಗ ಇರಲಿಲ್ಲ. ಊರಲ್ಲಿ ಕಸ ಸುರಿಯಲು ಜಾಗ ಕೊಡುವವರಿದ್ದಾರೆ, ಹಂದಿಗೆ ಕೊಡುವವರಿಲ್ಲ. ಕಡೆಗೆ ಅವರು ಹೋಗಿ ನಿಂತದ್ದು ಅಕ್ಕನ ಮುಂದೆ.

ಕಂಡಕ್ಟರ ಅಕ್ಕ ಊರಂಚಿನಲ್ಲಿ ಸಸಿ ಬೆಳೆಸಿ ಮಾರುವವರು. ಹಸಿರು ಬಲೆಯ ಚಪ್ಪರದಡಿಯಲ್ಲಿ ಎಲೆಕೋಸು, ಟೊಮೆಟೊ, ಮೆಣಸಿನ ಸಸಿಗಳು ಟ್ರೇ ಟ್ರೇಗಳಲ್ಲಿ ಪರೀಕ್ಷೆ ಬರೆಯುವ ಮಕ್ಕಳಂತೆ ಸಾಲಾಗಿ ಕೂತಿರುತ್ತವೆ. ಒಂದು ಸಸಿ ವಾಲಿದರೂ ಅಕ್ಕ ಅದನ್ನು ಹೆಸರು ಹಿಡಿದು ಗದರಿಸುವ ಪೈಕಿ. ಚಪ್ಪರದ ಹಿಂದೆ ಮೂರೆಕರೆ ಹುಲ್ಲುಗಾವಲು ಬಿದ್ದಿತ್ತು; ಮೂರು ಕಡೆ ಹಳೆಯ ಕಲ್ಲುಗೋಡೆ, ನಾಲ್ಕನೆಯ ಕಡೆ ಏನೂ ಇಲ್ಲ. ಆ ನಾಲ್ಕನೆಯ ಕಡೆಯ ಆಚೆಗೇ, ಎಡಕ್ಕೆ ಅಕ್ಕನ ಚಪ್ಪರ, ಬಲಕ್ಕೆ ಮುಳ್ಳುಪೊದೆ ತುಂಬಿದ ಅವರದೇ ಎರಡೆಕರೆ ಪಾಳು.

ನಾನು ಬೇವಿನ ಹಿಂಡಿ ಇಳಿಸಲು ಹೋದ ದಿನವೇ ಅಕ್ಕ ತಮ್ಮಂದಿರ ಒಪ್ಪಂದವಾಯಿತು. ನನ್ನನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡರು. ಸಾಕ್ಷಿಗೆ ಒಂದು ಲೋಟ ನೀರೂ ಸಿಗಲಿಲ್ಲ.

"ಒಂದು ವರ್ಷ ಕೊಡ್ತೀನಿ," ಎಂದರು ಅಕ್ಕ. "ಅಷ್ಟರೊಳಗೆ ಒಂದೇ ಒಂದು ಹಂದಿ ಈ ಗೆರೆ ದಾಟಿ ನನ್ನ ಕಡೆ ಮೂತಿ ಹಾಕಿದ್ರೂ ಆವತ್ತೇ ಗಂಟುಮೂಟೆ. ತಮ್ಮ ಅಂತ ನೋಡಲ್ಲ."

"ಹಾಕದೇ ಇದ್ರೆ?"

"ಹಾಕದೇ ಇದ್ರೆ ಐದು ವರ್ಷಕ್ಕೆ ಬರ್ಕೊಡ್ತೀನಿ. ಹಾಕಿದ್ರೆ ಗೋದಾಮು ಕಟ್ಟೋರು ಕಾಯ್ತಾ ಇದಾರೆ. ಕಾಂಕ್ರೀಟು ಎದ್ದು ಬಂದು ನನ್ನ ಎಲೆಕೋಸು ತಿನ್ನಲ್ಲ ಕಣೋ."

ಅಕ್ಕ ಓಡಿಸಿದರೆ ಬೇರೆ ಯಾರೂ ಹಂದಿಗೆ ಅಂಗೈಯಗಲ ನೆಲ ಕೊಡುವುದಿಲ್ಲ ಎಂಬುದು ಕಂಡಕ್ಟರಿಗೆ ಗೊತ್ತಿತ್ತು. ಆಗ ಹಂದಿಗಳಿಗೆ ಉಳಿಯುವ ಜಾಗ ಒಂದೇ: ಹೆದ್ದಾರಿ ಪಕ್ಕದ ಫಾರಂ, ಆ ಕಂಬಿ ಗೂಡು. ಅವರು ಒಪ್ಪಿ ತಲೆಯಾಡಿಸಿದರು. ಕೈ ತಾನಾಗಿ ಸೀಟಿ ಮುಟ್ಟಿಕೊಂಡಿತು.

ಗೆರೆಯುದ್ದಕ್ಕೂ ಝಟ್ಕಾ ತಂತಿ ಬಂತು. ಬ್ಯಾಟರಿಯ ಒಂದು ಪೆಟ್ಟಿಗೆ, ಅದರಿಂದ ಎರಡು ಎಳೆ: ಒಂದು ಗೇಣೆತ್ತರದಲ್ಲಿ, ಒಂದು ಮೊಣಕಾಲೆತ್ತರದಲ್ಲಿ. ಮುಟ್ಟಿದರೆ ಸಾಯುವುದಿಲ್ಲ, ಆದರೆ ಮರೆಯುವುದೂ ಇಲ್ಲ. ಹಂದಿ ಏನನ್ನೇ ಆದರೂ ಮೊದಲು ಮೂಗಿನಲ್ಲೇ ಮುಟ್ಟಿ ನೋಡುತ್ತದೆ. ಅದರ ಕೈಯೂ ಮೂಗೂ ಒಂದೇ. ಮೊದಲ ದಿನ ಒದ್ದೆ ಮೂಗುಗಳು ಒಂದೊಂದಾಗಿ ತಂತಿಯ ಪರಿಚಯ ಮಾಡಿಕೊಂಡಾಗ ಎದ್ದ ಕಿರುಚಾಟಕ್ಕೆ ಅಕ್ಕನ ಕೈಯಿಂದ ಎರಡು ಟ್ರೇ ಕೆಳಗೆ ಬಿದ್ದವು. ಮೂರನೆಯ ದಿನಕ್ಕೆ ಪಾಠ ಮುಗಿಯಿತು. ಅಪ್ಪ ಹೇಳಿದ್ದನ್ನು ಮರೆಯುವ ಮಕ್ಕಳಿದ್ದಾರೆ. ತಂತಿ ಹೇಳಿದ್ದನ್ನು ಮರೆಯುವ ಹಂದಿ ಇಲ್ಲ.

ಕಷ್ಟ ಶುರುವಾದದ್ದು ಅಲ್ಲಿಂದಲೇ. ಬಯಲಲ್ಲಿ ಹಂದಿ ಸಾಕುವುದೆಂದರೆ ಬಿಟ್ಟು ಸುಮ್ಮನಿರುವುದಲ್ಲ. ಹತ್ತು ದಿನ ಒಂದೇ ಕಡೆ ಬಿಟ್ಟರೆ ಮೂತಿಯಿಂದ ಉತ್ತು ಉತ್ತು ನೆಲವನ್ನು ತಲೆಕೆಳಗು ಮಾಡುತ್ತವೆ. ಅದಕ್ಕೇ ಕಂಡಕ್ಟರು ಮೂರೆಕರೆಯನ್ನು ತಂತಿಯಿಂದಲೇ ಎಂಟು ತುಂಡು ಮಾಡಿ, ಹತ್ತು ದಿನಕ್ಕೊಮ್ಮೆ ಮುಂದಿನ ತುಂಡಿಗೆ ಸಾಗಿಸಬೇಕೆಂದು ಲೆಕ್ಕ ಹಾಕಿದ್ದರು. ಮೊದಲ ಸಾಗಾಟದ ದಿನ ನಡುವಿನ ತಂತಿ ಬಿಚ್ಚಿ, ಹೊಸ ಹುಲ್ಲಿನಲ್ಲಿ ನಿಂತು ಬಕೆಟ್ ಬಡಿದರು. ಹನ್ನೆರಡೂ ಓಡಿ ಬಂದವು. ತಂತಿ ಇದ್ದ ಜಾಗದಲ್ಲಿ ಹನ್ನೆರಡೂ ನಿಂತವು.

"ಬನ್ನಿ, ಮುಂದೆ ಖಾಲಿ ಇದೆ! ಮುಂದೆ ಬನ್ನಿ!"

ಇಲ್ಲ. ಕಣ್ಣಿಗೆ ತಂತಿ ಕಾಣದಿದ್ದರೇನು, ಮೂಗಿಗೆ ಗೊತ್ತಿತ್ತು. ಸಂಜೆಯವರೆಗೆ ಅವರು ಕೂಗಿದರು, ಅವು ನಿಂತವು. ಬಸ್ಸಿನಲ್ಲೂ ಹೀಗೇ ಆಗುತ್ತಿತ್ತಂತೆ: ಮುಂದೆ ಖಾಲಿ ಇದ್ದರೂ ಜನ ಬಾಗಿಲ ಬಳಿಯೇ.

ಇಂಥ ಹೊತ್ತಿಗೆ ಕರೆಯದೆ ಬರುವವರು ನಮ್ಮ ಸಲಹಾ ಸಮಿತಿ. ಅದು ಒಬ್ಬ ನಿವೃತ್ತ ಗುಮಾಸ್ತರ ಅಡ್ಡಹೆಸರು. ಸಮಿತಿಯಲ್ಲಿ ಅವರೊಬ್ಬರೇ ಇದ್ದರೂ ಇದುವರೆಗೆ ಒಮ್ಮತ ಮೂಡಿದ್ದಿಲ್ಲ. ಅವರು ಹಂದಿಗಳನ್ನು ಹಿಂದಿನಿಂದ ನೂಕಬೇಕು ಎಂದರು. ನೂಕಿದ ಕಂಡಕ್ಟರು ಕೆಸರಲ್ಲಿ ಬಿದ್ದ ಮೇಲೆ, ನೂಕಬಾರದು ಎಂದೇ ತಾವು ಹೇಳಿದ್ದು ಎಂದರು.

ಮರುದಿನ ಕಂಡಕ್ಟರು ಡಿಪೋದ ಗುಜರಿಯಿಂದ ಕೈಗಾಡಿಯ ಮೇಲೆ ಒಂದು ಬಸ್ಸಿನ ಬಾಗಿಲು ತಂದರು. ಬರೀ ಬಾಗಿಲಲ್ಲ, ಚೌಕಟ್ಟು, ಹಿಡಿಕಂಬಿ, ಫುಟ್‌ಬೋರ್ಡು, ಮೇಲೆ "ಇಳಿಯುವವರಿಗೆ ಮೊದಲು ದಾರಿ ಬಿಡಿ" ಎಂಬ ಬರಹ, ಎಲ್ಲ ಸಮೇತ. ಅದನ್ನು ಹಂದಿಗಳ ನಡುವೆಯೇ ನೆಟ್ಟು, ಒಂದು ವಾರ ಅದರ ಆಚೆಯೇ ತಿನ್ನಲು ಹಾಕಿದರು. ಬಾಗಿಲೊಳಗೆ ತಂತಿ ಇರುವುದಿಲ್ಲ ಎಂಬುದು ಅವುಗಳ ತಲೆಗೆ ಹೋಯಿತು. ಅಲ್ಲಿಂದ ಮುಂದೆ ಸಾಗಾಟ ಸಲೀಸು: ಗೆರೆಯ ಮೇಲೆ ಬಾಗಿಲು ನಿಲ್ಲಿಸುವುದು, ಎರಡು ಸೀಟಿ ಊದುವುದು. ಎರಡು ಎಂದರೆ ರೈಟ್, ಒಂದು ಎಂದರೆ ನಿಲ್ಲು. ಹಂದಿಗಳು ಒಂದರ ಹಿಂದೆ ಒಂದು ಹತ್ತಿ ಇಳಿಯುತ್ತಿದ್ದವು. ಕಂಡಕ್ಟರು ಪಕ್ಕದಲ್ಲಿ ನಿಂತು ಒಂದೊಂದರ ಬೆನ್ನು ತಟ್ಟಿ ಎಣಿಸುತ್ತಿದ್ದರು. "ನೂಕಬೇಡಿ, ಎಲ್ರಿಗೂ ಜಾಗ ಇದೆ" ಎನ್ನುವಾಗ ಅವರ ಮುಖ ನೋಡಬೇಕು. ಆ ಮಾತನ್ನು ನಿಜವಾಗಿ ಹೇಳುವ ಯೋಗ ಅವರಿಗೆ ಮೂವತ್ತೆರಡು ವರ್ಷ ಬಂದಿರಲಿಲ್ಲ.

ಎಲ್ಲಕ್ಕಿಂತ ದಪ್ಪ ಹೆಣ್ಣಿಗೆ ಡಿಪೋ ಮ್ಯಾನೇಜರ್ ಎಂದು ಹೆಸರಿಟ್ಟರು. ಕೆಲಸಕ್ಕೆ ಕೊನೆಯಲ್ಲಿ, ಊಟಕ್ಕೆ ಮೊದಲು. ಎಲ್ಲರ ವಿಷಯಕ್ಕೂ ಮೂಗು ಹಾಕುವ ಸಣಕಲಿಗೆ ಚೆಕಿಂಗು. ಆಮೇಲೆ ಕೊಂಡ ಹನ್ನೆರಡು ಮರಿಗಳ ಎರಡನೆಯ ತಂಡದಲ್ಲಿ ಒಂದು ಪುಟ್ಟ ಗಂಡು ಇತ್ತು. ಕಂಡವರ ತೊಟ್ಟಿಯಲ್ಲಿ ತಿನ್ನುವುದು, ಕಂಡವರ ಮಗ್ಗುಲಲ್ಲಿ ಮಲಗುವುದು. ಅದಕ್ಕೆ ಪಾಸು ಎಂದು ಹೆಸರಾಯಿತು. ಆ ತಂಡಕ್ಕೆ ತಂತಿಯ ಪಾಠ ನಡೆದ ದಿನಗಳಲ್ಲೂ ಅದು ಮ್ಯಾನೇಜರ್ ಹಿಂದೆ ನಿದ್ದೆ ಹೊಡೆಯುತ್ತಿತ್ತು. ಅದಕ್ಕೆ ಝಟ್ಕಾ ತಗಲಿದ್ದನ್ನು ಯಾರೂ ನೋಡಿದವರಿಲ್ಲ. ಯಾವಾಗಲೂ ಎಲ್ಲರ ಹಿಂದೆ ಇರುವವನಿಗೆ ತಂತಿ ಸಿಗುವುದಾದರೂ ಹೇಗೆ?

ಊರಿನವರು ಮೊದಮೊದಲು ಕಂಡಕ್ಟರನ್ನು ಕಂಡರೆ ಮೂಗಿಗೆ ಕೈ ಇಡುತ್ತಿದ್ದರು. ಆ ಬಯಲಿನ ವಾಸನೆ ನಮ್ಮ ಬಸ್ ಸ್ಟ್ಯಾಂಡಿನ ಹಿಂಬದಿಯ ವಾಸನೆಯ ಕಾಲುಭಾಗವೂ ಇರಲಿಲ್ಲ. ಆದರೆ ಬಸ್ ಸ್ಟ್ಯಾಂಡಿನದು ಮನುಷ್ಯರದು, ಅದಕ್ಕೆ ಮರ್ಯಾದೆ ಇದೆ. ಆರು ತಿಂಗಳಾದ ಮೇಲೆ ಸ್ಟೇಷನ್ ರಸ್ತೆಯ ಹೋಟೆಲಿನವನು ಮೊದಲ ತಂಡದಲ್ಲಿ ಮೂರು ಹೆಣ್ಣು ಬಿಟ್ಟು ಉಳಿದದ್ದನ್ನೆಲ್ಲ ಕೊಂಡ. "ಇಲ್ಲಿ ಬಯಲಲ್ಲಿ ಮೇಯ್ದ ಹಂದಿ ಸಿಗುತ್ತದೆ" ಎಂದು ಬೋರ್ಡು ಬರೆಸಿ, ಕೆಳಗೆ ಡಿಪೋ ಮ್ಯಾನೇಜರಿನ ದೊಡ್ಡ ಫೋಟೋ ತೂಗುಹಾಕಿದ. ಕಂಡಕ್ಟರ ಹೆಂಡತಿ ಹೋಗಿ ನೋಡಿ ಬಂದು, "ನಮ್ಮ ಮದುವೆ ಫೋಟೋಗೂ ಅಷ್ಟು ಒಳ್ಳೇ ಕಟ್ಟು ಇಲ್ಲ. ಅದೂ ಇವರಿಗಿಂತ ಚೆನ್ನಾಗಿ ನಕ್ಕಿದೆ" ಎಂದರು. ಆಮೇಲೆ ಮೂಗಿಗೆ ಕೈ ಇಟ್ಟವರೇ ಚೀಲ ಹಿಡಿದು ಕಂಡಕ್ಟರ ಮನೆಯ ಹಿತ್ತಿಲ ಬಾಗಿಲು ತಟ್ಟತೊಡಗಿದರು. ಮುಂಬಾಗಿಲಲ್ಲಿ ಆಚಾರ, ಹಿಂಬಾಗಿಲಲ್ಲಿ ವ್ಯವಹಾರ.

ಮೊದಲ ತಂಡ ಲಾರಿ ಹತ್ತಿದ ದಿನ ಮಾತ್ರ ಕಂಡಕ್ಟರು ಸೀಟಿ ಊದಲಿಲ್ಲ. ಬೆನ್ನು ತಟ್ಟಿ ಎಣಿಸಿದರು, ಅಷ್ಟೇ. "ಬೇಜಾರಾ?" ಎಂದೆ. "ಕೊನೇ ಸ್ಟಾಪು ಎಲ್ರಿಗೂ ಒಂದೇ ಸಾಹುಕಾರ್ರೇ. ಅಲ್ಲಿವರೆಗೆ ಸೀಟು ಸಿಕ್ಕಿರಬೇಕು" ಎಂದರು.

ನನ್ನ ಹೆದರಿಕೆ ಸುಳ್ಳಾಯಿತು ಎಂದೂ ಇಲ್ಲಿ ಹೇಳಿಬಿಡಬೇಕು. ಹುಲ್ಲು, ಬೇರು ಎಲ್ಲ ಅವಕ್ಕೆ ಬಾಯಾಡಿಸಲಷ್ಟೇ. ದಿನವಿಡೀ ಓಡಾಡಿದ ಹಸಿವಿಗೆ ನನ್ನ ಮೂಟೆಯೇ ಬೇಕು. ಗೂಡಿನ ಹಂದಿಗಿಂತ ಜಾಸ್ತಿಯೇ ತಿನ್ನುತ್ತಿದ್ದವು. ಅಂದಿನಿಂದ ನಾನು ಪ್ರಾಣಿಗಳ ಸ್ವಾತಂತ್ರ್ಯದ ಕಟ್ಟಾ ಬೆಂಬಲಿಗ.

ವರ್ಷ ತುಂಬಲು ಐದು ದಿನ ಇತ್ತು. ಬೆಳಿಗ್ಗೆ ಮೂಟೆ ಇಳಿಸಲು ಹೋದಾಗ ಕಂಡಕ್ಟರು ಇನ್ನೂ ಬಂದಿರಲಿಲ್ಲ. ಅಕ್ಕನ ಚಪ್ಪರದ ಹಸಿರು ಬಲೆ ಗಾಳಿಗೆ ಹರಿದು ತಂತಿಯ ಮೇಲೆ ಬಿದ್ದಿತ್ತು. ಅಕ್ಕ ಆ ತಂತಿಗೆ ಎಷ್ಟು ಹೆದರುತ್ತಿದ್ದರೆಂದರೆ, ತಮ್ಮನನ್ನು ಬೈಯಬೇಕಾದರೂ ವರ್ಷವಿಡೀ ರಸ್ತೆ ಬಳಸಿ ಸುತ್ತು ಹಾಕಿ ಬಂದು ಬೈದವರು. ಈಗ ಒಂದು ಬಿದಿರ ಕೋಲು ಹಿಡಿದು, ಮಾರು ದೂರ ನಿಂತು ಬಲೆ ಎಳೆಯುತ್ತಿದ್ದರು. ಕಾಲು ಜಾರಿತು. ಬೀಳುವವರು ಹಿಡಿದುಕೊಳ್ಳಲು ಸಿಕ್ಕಿದ್ದನ್ನು ಹಿಡಿದುಕೊಂಡರು. ಎರಡೂ ಕೈಯಲ್ಲಿ, ತಂತಿಯನ್ನೇ.

ನಾನು ಕಣ್ಣು ಮುಚ್ಚಿದೆ. ಕಿರುಚಾಟ ಕೇಳಲಿಲ್ಲ. ಕಣ್ಣು ಬಿಟ್ಟರೆ ಅಕ್ಕ ಬಟ್ಟೆ ಒಣಹಾಕುವವರ ಹಾಗೆ ತಂತಿ ಹಿಡಿದು ನಿಂತಿದ್ದರು. ಮುಖದಲ್ಲಿ ಮೊದಲು ಭಯ ಇಳಿಯಿತು, ಆಮೇಲೆ ಅನುಮಾನ ಹತ್ತಿತು, ಆಮೇಲೆ ಸಿಟ್ಟು ಬಂದು ಕೂತಿತು. ಅಷ್ಟು ಹೊತ್ತಿಗೆ ಸೈಕಲ್ಲಿನಲ್ಲಿ ಬಂದರು ಕಂಡಕ್ಟರು.

"ಇದರಲ್ಲಿ ಕರೆಂಟ್ ಎಲ್ಲೋ?"

"ಹಾಕ್ತೀನಿ ಅಕ್ಕಾ. ಈಗ ತಾನೇ ಡ್ಯೂಟಿಗೆ ಬಂದೆ."

"ಈಗ ಹಾಕ್ತೀಯಾ? ಆರಿಸಿದ್ದು ಯಾರು?"

"ನಾನೇ. ದಿನಾ ಹೋಗುವಾಗ ಆರಿಸ್ತೀನಲ್ಲ. ಕೊನೇ ಟ್ರಿಪ್ ಆದ್ಮೇಲೆ ಲೈಟು, ಫ್ಯಾನು ಎಲ್ಲಾ ಆರಿಸಿ ಇಳೀಬೇಕು ಅಕ್ಕಾ. ಇಲ್ಲಾಂದ್ರೆ ಬೆಳಿಗ್ಗೆ ಬ್ಯಾಟ್ರಿ ಡೌನ್."

"ಅಂದ್ರೆ, ರಾತ್ರಿಯೆಲ್ಲಾ?"

"ರಾತ್ರಿ ಸರ್ವೀಸೇ ಇರಲ್ವಲ್ಲಕ್ಕಾ!"

ಅವರ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ. ಮೂವತ್ತೆರಡು ವರ್ಷದ ಕಟ್ಟುನಿಟ್ಟು. ಬಸ್ಸಿಗೂ ಬೇಲಿಗೂ ಒಂದೇ ನಿಯಮ. ರಾತ್ರಿ ಬಸ್ಸು ಓಡಾಡುವುದಿಲ್ಲ, ಹಂದಿಗೆ ಕಾಲಿದೆ ಎಂಬ ಸಣ್ಣ ವ್ಯತ್ಯಾಸ ಅವರಿಗೆ ಹೊಳೆದೇ ಇರಲಿಲ್ಲ.

"ವರ್ಷಪೂರ್ತಿ ನಾನು ಸತ್ತ ತಂತಿ ನಂಬ್ಕೊಂಡು ನಿದ್ದೆ ಮಾಡಿದ್ನಾ!"

"ಒಂದಾದ್ರೂ ಬಂತಾ ಅಕ್ಕಾ?"

ಬಂದಿರಲಿಲ್ಲ. ಆದರೆ ಅಕ್ಕ ಎನಿಸಿಕೊಂಡವರು ತಮ್ಮನ ಮುಂದೆ ಸೋತ ಉದಾಹರಣೆ ಎಲ್ಲಿದೆ?

"ಬರ್ಲಿಲ್ಲ ಅನ್ನೋದು ನಿನ್ನ ಅದೃಷ್ಟ, ನಿನ್ನ ಬುದ್ಧಿ ಅಲ್ಲ. ಒಂದನೇ ತಾರೀಖು ಈ ತಂತಿ ಪೂರ್ತಿ ಬಿಚ್ಚು. ಬೆಳಿಗ್ಗೆಯಿಂದ ಹೊತ್ತು ನೆತ್ತಿಗೆ ಬರೋವರೆಗೆ ನಾನು ಇಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಒಂದು ಮೂತಿ ಈ ಕಡೆ ಬಂದ್ರೂ ಮಾತು ಮುಗೀತು."

ಸಲಹಾ ಸಮಿತಿಯವರು ಹಿಂದಿನ ದಿನವೇ ಹೊಟ್ಟೆ ಬಿರಿಯ ತಿನ್ನಿಸಿ ಎಂದರು. ಆ ಒಂದು ಸಲಹೆಯನ್ನು ನಾನೂ ಅನುಮೋದಿಸಿ ಎರಡು ಮೂಟೆ ಹೆಚ್ಚಿಗೆ ಕಳಿಸಿದೆ. ಆದರೆ ಅಕ್ಕ ನಮಗಿಂತ ಒಂದು ಕೈ ಮೇಲೆ. ಬೆಳಿಗ್ಗೆ ಏನೂ ಹಾಕಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಲ್ಲದೆ, ಗೆರೆಯಿಂದ ಒಂದು ಮೊಳ ಆಚೆಗೆ ತಮ್ಮ ಕಡೆ ಹರಿದ ಎಲೆಕೋಸಿನ ಗುಡ್ಡೆಯನ್ನೇ ಸುರಿಸಿದರು. ರಸ್ತೆಯಲ್ಲಿ ದೊಡ್ಡ ಫಾರಂನ ಲಾರಿ ಬಂದು ನಿಂತಿತು. ಯಾರು ಸುದ್ದಿ ಕೊಟ್ಟರೋ. ನನ್ನ ಅಂಗಡಿಯಲ್ಲಿ ಮಾತಾಡಿದ ಸುದ್ದಿ ಹೇಗೋ ಹೊರಗೆ ಹೋಗುತ್ತದೆ.

ತಂತಿ ಬಿಚ್ಚಿದ ಮೇಲೆ ಗೆರೆ ಎಂದು ಉಳಿದದ್ದು ಹಂದಿ ಬಾಯಿ ಹಾಕದ ಉದ್ದನೆಯ ಹುಲ್ಲಿನ ಒಂದು ಪಟ್ಟಿ. ಹದಿನೈದು ಹಂದಿಗಳು ಎಲೆಕೋಸಿನ ವಾಸನೆಗೆ ಓಡಿ ಬಂದವು. ಮ್ಯಾನೇಜರ್ ಮೊದಲು. ಹುಲ್ಲಿನ ಪಟ್ಟಿಯ ಅಂಚಿಗೆ ಬಂದು, ಯಾರೋ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾರೆ ಎಂಬಂತೆ ನಿಂತಿತು. ಉಳಿದವು ಅದರ ಎರಡು ಮಗ್ಗುಲಲ್ಲಿ. ಜೊಲ್ಲು ಸುರಿಯಿತು. ಕಿವಿ ಬಡಿದವು. ಚೆಕಿಂಗು ಈ ತುದಿಯಿಂದ ಆ ತುದಿಗೆ ಗೆರೆಯುದ್ದಕ್ಕೂ ಓಡಾಡಿ ಎಲ್ಲೂ ಸಂದಿಲ್ಲವೆಂದು ಖಚಿತಪಡಿಸಿತು. ಇಡೀ ಬಯಲು ತೆರೆದುಕೊಂಡಿತ್ತು.

"ಇವಕ್ಕೇನು ಕಣ್ಣು ಕಾಣಲ್ವಾ?" ಎಂದರು ಅಕ್ಕ.

"ಕಾಣುತ್ತೆ. ನಂಬಲ್ಲ ಅಷ್ಟೇ," ಎಂದರು ಕಂಡಕ್ಟರ ಹೆಂಡತಿ. "ನೀವು ತಂತಿ ಹಿಡ್ಕೊಳ್ಳೋವರೆಗೂ ನೀವೂ ಸುತ್ತು ಹಾಕ್ಕೊಂಡೇ ಬರ್ತಿದ್ರಿ ಅಲ್ವಾ ಅತ್ತಿಗೆ?"

ಎರಡು ಗಂಟೆ ಕಾದು ಹಂದಿಗಳು ಬೇಸತ್ತು ಕೆಸರು ಗುಂಡಿಗೆ ಹಿಂತಿರುಗಿದವು. ಸೂರ್ಯ ನೆತ್ತಿಗೆ ಬರಲು ಇನ್ನು ಸ್ವಲ್ಪವೇ ಬಾಕಿ. ಕಂಡಕ್ಟರು ಆ ಬೆಳಿಗ್ಗೆ ಮೊದಲ ಸಲ ಉಸಿರು ಬಿಟ್ಟರು. ಆಗ ಬಂತು ಪಾಸು.

ಎಲ್ಲರೂ ಹೋದ ಮೇಲೆ ಬರುವುದೇ ಅದರ ಅಭ್ಯಾಸ. ಆಕಳಿಸಿತು, ಎಲೆಕೋಸು ನೋಡಿತು, ನೇರ ನಡೆಯಿತು. ಅದರ ನಡಿಗೆಯಲ್ಲಿ ಯಾವ ನೆನಪೂ ಇರಲಿಲ್ಲ. ಲಾರಿಯ ಡ್ರೈವರು ಹಿಂಬಾಗಿಲ ಅಗಳಿ ತೆಗೆದ ಸದ್ದು ನಮಗೆಲ್ಲ ಕೇಳಿಸಿತು. ಪಾಸು ಹುಲ್ಲಿನ ಪಟ್ಟಿಗೆ ಬಂತು. ಮುಂಗಾಲು ಎತ್ತಿತು. ಆಚೆ ಇಟ್ಟಿತು.

ಒಂದು ಸೀಟಿ.

ಪಾಸು ಕಲ್ಲಾಯಿತು. ಕಾಲು ಅಲ್ಲೇ ಬಿಟ್ಟು, ಕುತ್ತಿಗೆ ತಿರುಗಿಸಿ ಸೀಟಿ ಬಂದ ಕಡೆ ನೋಡಿತು.

"ದಾಟ್ತು!" ಅಕ್ಕ ಕುರ್ಚಿಯಿಂದ ಎದ್ದರು. "ಕಾಲು ನನ್ನ ಕಡೆ ಇದೆ!"

"ಮೈ ನನ್ನ ಕಡೆ ಇದೆ ಅಕ್ಕಾ!" 

"ಕಾಲಿಟ್ಟ ಮೇಲೆ ಬಂದ ಹಾಗೇ."

"ಫುಟ್‌ಬೋರ್ಡ್ ಮೇಲೆ ಕಾಲಿಟ್ಟೋರೆಲ್ಲ ಬಸ್ಸಿನೋರಾ? ಎಷ್ಟು ಜನ ಕಾಲಿಟ್ಟು 'ಇದು ಎಲ್ಲಿಗೆ ಹೋಗುತ್ತೆ' ಅಂತ ಕೇಳಿ ಇಳ್ದು ಹೋಗ್ತಾರೆ! ಅವರಿಗೆಲ್ಲ ಟಿಕೆಟ್ ಹರಿಯೋಕಾಗುತ್ತಾ?"

ಸಲಹಾ ಸಮಿತಿಯವರು ಕಾಲು ಮುಖ್ಯ ಎಂದರು. ಅಕ್ಕ ತಿರುಗಿ ನೋಡಿದಾಗ ಮೈಯೂ ಮುಖ್ಯ ಎಂದರು. ಎಲ್ಲರೂ ಸಾಕ್ಷಿಯ ಕಡೆ ತಿರುಗಿದರು. ಸಾಕ್ಷಿ ನಾನು. ಒಂದು ಕಡೆ ಬೇವಿನ ಹಿಂಡಿಯ ಗಿರಾಕಿ, ಒಂದು ಕಡೆ ಹಂದಿ ಮೇವಿನ ಗಿರಾಕಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ನಡೆದದ್ದನ್ನೇ ಹೇಳಿದೆ: "ಅಮ್ಮಾ, ಅವತ್ತು ನೀವು ಹೇಳಿದ್ದು ಮೂತಿ. ಮೊನ್ನೇನೂ ಹೇಳಿದ್ದು ಮೂತಿ. ಕಾಲಿನ ಮಾತು ಆಡಿರ್ಲಿಲ್ಲ."

ಎಲ್ಲರೂ ಮೂತಿ ಹುಡುಕಿದರು. ಮೂತಿ ಸೀಟಿಯ ಕಡೆ ತಿರುಗಿ, ಸಂಪೂರ್ಣ ತಮ್ಮನ ಸರಹದ್ದಿನಲ್ಲಿತ್ತು. ಅಷ್ಟರಲ್ಲಿ ಕೆಸರು ಗುಂಡಿಯಿಂದ ಡಿಪೋ ಮ್ಯಾನೇಜರ್ ಹೂಂಕರಿಸುತ್ತ ಓಡಿ ಬಂತು. ಆ ದೇಹ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಲ್ಲದ ತಂತಿಗೆ ತಾನು ತಾಗದಂತೆ ಎಚ್ಚರ ವಹಿಸಿ, ಪಾಸಿನ ಹೊಟ್ಟೆಗೆ ಮೂತಿ ಕೊಟ್ಟು ಹಿಂದಕ್ಕೆ ಎತ್ತಿ ಎಸೆಯಿತು. ಪಾಸು ಕಿರುಚಿತು. ಅದಕ್ಕೆ ಪಾಠ ಆದದ್ದು ಆಗಲೇ.

ಲಾರಿಯ ಅಗಳಿ ಮತ್ತೆ ಬಿತ್ತು. ಹೊತ್ತು ನೆತ್ತಿಗೆ ಬಂದಿತ್ತು.

ಅಕ್ಕ ಮತ್ತೆ ಕುರ್ಚಿಯಲ್ಲಿ ಕೂತರು. ಆಮೇಲೆ ಕೇಳಿದ್ದು ಹಂದಿಯ ವಿಷಯವಲ್ಲ. "ಆ ಮೊದಲನೇ ತುಂಡುಗಳಲ್ಲಿ ಮಣ್ಣು ಅಷ್ಟು ಸಡಿಲ ಹೇಗಾಯ್ತೋ?" ಎಂದರು. ಐದು ದಿನದಿಂದ ಅವರು ಬಯಲೆಲ್ಲ ಸುತ್ತಿ ನೋಡಿದ್ದರು. ಉತ್ತಿದೆ, ಕಳೆ ಇಲ್ಲ, ಗೊಬ್ಬರ ಬಿದ್ದಿದೆ. ಎಲ್ಲ ಪುಕ್ಕಟೆ. ಸಸಿ ಮಾರುವವರ ಕಣ್ಣಿಗೆ ಅಂಥದ್ದು ತಪ್ಪುತ್ತದೆಯೇ?

"ಐದು ವರ್ಷ ಬರ್ಕೊಡ್ತೀನಿ. ಮಾತು ಅಂದ್ರೆ ಮಾತು. ಈ ಮೂರೆಕರೆ ಈಗ ನನಗೆ ಬೇಕು, ನಾಟಿ ಮಾಡ್ತೀನಿ. ನೀನು ಈ ಕಡೆ ಮುಳ್ಳುಪೊದೆಗೆ ಬಾ. ಅದನ್ನ ಉತ್ತು ಮುಗಿಸು, ಮತ್ತೆ ಬದಲಾಯಿಸ್ಕೊಳ್ಳೋಣ."

ತಮ್ಮನಿಗೆ ಅರ್ಥವಾಯಿತು. ಹಂದಿಯನ್ನು ಒಪ್ಪದಿದ್ದ ಅಕ್ಕ ಈಗ ಅದನ್ನು ಸಂಬಳವಿಲ್ಲದ ಆಳಾಗಿ ಒಪ್ಪಿದ್ದರು. ಆದರೂ ಗೂಡಿಲ್ಲ, ಕಂಬಿಯಿಲ್ಲ, ಐದು ವರ್ಷ ಬಯಲು. ಅವರು ನಕ್ಕರು. "ಆಗ್ಲಿ ಅಕ್ಕಾ. ರೂಟ್ ಬದಲಾದ್ರೇನು, ಸರ್ವೀಸ್ ಇರ್ಬೇಕು."

ಬಿಚ್ಚಿದ ತಂತಿಯನ್ನೇ ಪೊದೆಯ ಸುತ್ತ ಕಟ್ಟಲು ಎರಡು ದಿನ ಹಿಡಿಯಿತು. ಆ ಎರಡು ರಾತ್ರಿ ಗೆರೆಯ ಮೇಲೆ ಸತ್ತ ತಂತಿಯೂ ಇರಲಿಲ್ಲ. ಅಕ್ಕ ಹಾಯಾಗಿ ಗೊರಕೆ ಹೊಡೆದರಂತೆ.

ಮೂರನೆಯ ದಿನ ಬೆಳಿಗ್ಗೆ ಕಂಡಕ್ಟರು ಬಾಗಿಲು ತರಲು ಹೊರಟಾಗ ಅಕ್ಕ ತಡೆದರು. "ಬಯಲಿಗೆ ಬಾಗಿಲು ಯಾಕೋ ಹುಚ್ಚಪ್ಪಾ? ಇಷ್ಟಗಲ ದಾರಿ ಇದೆ. ನಾನು ಕರೀತೀನಿ ನೋಡು." ಪೊದೆಯ ಮುಂದೆ ನಿಂತು, ಮಡಿಲ ತುಂಬ ಎಲೆಕೋಸು ಹಿಡಿದು, ವರ್ಷವಿಡೀ ಬಂದರೆ ಜೋಕೆ ಎಂದವರು ಈಗ ಬನ್ನಿ ಬನ್ನಿ ಎಂದರು. "ಬಾರೇ ಮ್ಯಾನೇಜರ್! ಬಾರೋ ಪಾಸೂ, ಅವತ್ತು ನೀನು ಬರ್ತಿದ್ಯಲ್ಲೋ!" ಪಾಸು ಅವತ್ತಿನದನ್ನು ನೆನೆದು ಎರಡು ಹೆಜ್ಜೆ ಹಿಂದೆ ಸರಿಯಿತು. ಹದಿನೈದೂ ಹುಲ್ಲಿನ ಪಟ್ಟಿಯ ಆಚೆ ಸಾಲಾಗಿ ನಿಂತು ಅಕ್ಕನನ್ನೇ ನೋಡಿದವು. ಗಂಟಲು ಕಟ್ಟಿದ ಮೇಲೆ ಅಕ್ಕ, "ತಗೊಂಡು ಬಾರೋ ನಿನ್ನ ಬಾಗಿಲು" ಎಂದರು.

ನಾವು ನಾಲ್ವರು ಸೇರಿ ಹೊತ್ತು ತಂದು ನಿಲ್ಲಿಸಿದೆವು. ಎಡಕ್ಕೆ ಬಯಲು, ಬಲಕ್ಕೆ ಬಯಲು, ನಡುವೆ ಒಂದು ಬಸ್ಸಿನ ಬಾಗಿಲು. ಕಂಡಕ್ಟರು ಹಿಡಿಕಂಬಿ ಹಿಡಿದು ನಿಂತರು. ಎರಡು ಸೀಟಿ. "ನೂಕಬೇಡಿ, ಎಲ್ರಿಗೂ ಜಾಗ ಇದೆ." ಮ್ಯಾನೇಜರ್ ಗತ್ತಿನಿಂದ ಫುಟ್‌ಬೋರ್ಡ್ ಹತ್ತಿತು. ಹಿಂದೆ ಉಳಿದವು. ಒಂದು, ಎರಡು, ಮೂರು ಎಂದು ಬೆನ್ನು ತಟ್ಟುತ್ತ ಹದಿನೈದಕ್ಕೆ ಪಾಸನ್ನು ಇಳಿಸಿದರು.

ಇನ್ನು ಅಕ್ಕನಿಗೆ ತಮ್ಮ ಹೊಸ ಮಣ್ಣು ನೋಡುವ ಆತುರ. ದಬದಬ ನಡೆದು ಹುಲ್ಲಿನ ಪಟ್ಟಿಯವರೆಗೆ ಬಂದರು. ನಿಂತರು. ಆ ಕಡೆ ಈ ಕಡೆ ನೋಡಿದರು. ಆಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಬಂದು, ಸೀರೆ ಸ್ವಲ್ಪ ಎತ್ತಿ ಹಿಡಿದು, ಬಾಗಿಲಲ್ಲಿ ಹತ್ತಿ ಇಳಿದರು. ಸಲಹಾ ಸಮಿತಿಯವರು ಇದು ಅನಗತ್ಯ ಎನ್ನುತ್ತಲೇ ಅವರ ಹಿಂದೆ ಹೋದರು.

ಮಿಕ್ಕ ಅರ್ಧ ಮೂಟೆ ಮೇವು ಆ ಕಡೆ ಉಳಿದಿತ್ತು. ತರಲು ಹೊರಟೆ. ನಾನು ಇಪ್ಪತ್ತಾರು ವರ್ಷದ ವ್ಯಾಪಾರಿ, ಇಂಥದ್ದಕ್ಕೆಲ್ಲ ನಗುವವನು. ತಂತಿ ಇಲ್ಲ ಎಂದು ಕಣ್ಣಾರೆ ಕಂಡವನು. ನೇರ ನಡೆದೆ, ಹುಲ್ಲಿನ ಪಟ್ಟಿಯ ಹತ್ತಿರ ಕಾಲು ಯಾಕೋ ತಡೆಯಿತು. ಬಾಗಿಲ ಕಡೆ ತಿರುಗಿದೆ.

ಕಂಡಕ್ಟರು ನನ್ನ ಬೆನ್ನು ತಟ್ಟಿ, "ಹದಿನೆಂಟು. ರೈಟ್" ಎಂದರು.